ಬೆಳ್ಳಿ ಚುಕ್ಕಿಯ ಕರಾರು

ಒಂದು ಕಾಡಿನಲ್ಲಿ ಪ್ರಾಣಿಗಳು ನೂರಾರಿದ್ದವು, ಬೇಸಿಗೆಗೆ ಉಳಿಯುವ ಹೊಂಡ ಮಾತ್ರ ಒಂದೇ. ಹಗಲಿಡೀ ಅಲ್ಲಿ ಊರಿನ ಎಮ್ಮೆಗಳು ಬಿದ್ದುಕೊಂಡಿರುತ್ತಿದ್ದವು, ಜೊತೆಗೆ ನಾಯಿಗಳ ಕಾವಲು. ಹಾಗಾಗಿ ಕಾಡಿನವರು ನೀರು ಕುಡಿಯಬೇಕಾದರೆ ಸೂರ್ಯ ಮುಳುಗಬೇಕು. ಮುಳುಗಿದ ಕೂಡಲೇ ಜಗಳ ಶುರು.

ಒಂದು ಸಂಜೆ ನರಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡಿತು.

"ನೋಡಿ, ಪಶ್ಚಿಮದಲ್ಲಿ ಬೆಳ್ಳಿ ಚುಕ್ಕಿ ಇದೆಯಲ್ಲ, ಅದು ಕಾಣುವಷ್ಟು ಹೊತ್ತು ಹೊಂಡ ನಿಮ್ಮದು. ಅದು ಮುಳುಗಿದ ಮೇಲೆ ಬೆಳಗಿನವರೆಗೂ ನಮ್ಮ ನರಿಗಳದ್ದು. ನನ್ನದೇನು, ಸ್ವಲ್ಪ ಕಾದರಾಯಿತು."

ಚುಕ್ಕಿ ಆಗ ಎಷ್ಟೋ ಎತ್ತರದಲ್ಲಿತ್ತು. ಎಲ್ಲರೂ ಕುಡಿದು, ಮಿಂದು, ಹರಟೆ ಹೊಡೆದರೂ ಹೊತ್ತು ಮಿಗುತ್ತಿತ್ತು. "ನರಿಯಣ್ಣ ಎಷ್ಟು ಒಳ್ಳೆಯವನು," ಎಂದಿತು ಮೊಲಕ್ಕ.

ಆ ಕಾಡಿನಲ್ಲೊಂದು ಪದ್ಧತಿ. ಹೊಂಡದ ದಡದ ಕೆಸರಿನಲ್ಲಿ ಹೆಜ್ಜೆ ಒತ್ತಿದರೆ ಅದೇ ಕರಾರು. ಮುಂದಿನ ಮಳೆ ಬಂದು ಆ ಗುರುತು ಅಳಿಸುವವರೆಗೆ ಯಾರೂ ಮಾತು ತಪ್ಪುವಂತಿಲ್ಲ. ತಪ್ಪಿದವರನ್ನು ಆನೆಜ್ಜಿ ಸೊಂಡಿಲಿನಲ್ಲಿ ಎತ್ತಿ ಕಾಡಿನ ಆಚೆಗೆ ಇಡುತ್ತಿದ್ದಳು. ಮೆಲ್ಲಗೇನೂ ಇಡುತ್ತಿರಲಿಲ್ಲ.

ಎಲ್ಲರಿಗಿಂತ ಮೊದಲು ಹೆಜ್ಜೆ ಒತ್ತಿದವನು ಕೋತಿ ಬಾಲಪ್ಪ. ಅದೂ ಎರಡೂ ಕೈ, ಎರಡೂ ಕಾಲು, ಸಾಲದ್ದಕ್ಕೆ ಬಾಲ.

ಹತ್ತು ಹದಿನೈದು ದಿನ ಕಳೆಯಿತು. ಚುಕ್ಕಿ ದಿನದಿನಕ್ಕೆ ಕೆಳಗಿಳಿಯತೊಡಗಿತು. ಮೊದಲು ಮೀಯುವುದು ನಿಂತಿತು, ಆಮೇಲೆ ಹರಟೆ ನಿಂತಿತು. ತಿಂಗಳು ಕಳೆದು ಇನ್ನಷ್ಟು ದಿನವಾಗುವಷ್ಟರಲ್ಲಿ ಸೂರ್ಯನ ಹಿಂದೆಯೇ ಚುಕ್ಕಿಯೂ ಗುಡ್ಡದ ಹಿಂದೆ ಜಾರುತ್ತಿತ್ತು. ಕೊನೆಗೊಂದು ಸಂಜೆ ಅದು ಕಾಣಿಸಲೇ ಇಲ್ಲ. ನರಿಗಳು ದಡದ ಸುತ್ತ ಕಾಲು ಚಾಚಿ ಕೂತವು. ಮೊಲಕ್ಕನ ಮೂರು ಮರಿಗಳು ಹುಲ್ಲಿನ ಮೇಲಿನ ಇಬ್ಬನಿ ನೆಕ್ಕಿ ದಿನ ದೂಡತೊಡಗಿದವು.

"ಹೋದ ಸಲವೂ ಹೀಗೇ ಇಳಿದಿಳಿದು ಹೋಗಿತ್ತು, ಆಮೇಲೆ ತಿಂಗಳುಗಟ್ಟಲೆ ಸಂಜೆ ಮುಖ ತೋರಿಸಲಿಲ್ಲ. ನೋಡಿ ಇಟ್ಟುಕೊಂಡಿದ್ದೆ," ಎಂದು ನರಿ ಮೀಸೆ ಸವರಿತು.

ಬಾಲಪ್ಪ ಆ ಮರಿಗಳನ್ನು ನೋಡಿದ. ಮೊದಲು ಬಾಲ ಒತ್ತಿದವನು ತಾನೇ ತಾನೆ? ಮರದ ಮೇಲೆ ಕೂತು ತಲೆ ಕೆರೆದುಕೊಂಡ. ಕೆರೆಯುತ್ತ ಕೆರೆಯುತ್ತ ಇಸ್ಕೂಲು ನೆನಪಾಯಿತು. ಅವನೂ ಒಂದು ಕಾಲದಲ್ಲಿ ಓದಿದವನೇ. ಶಾಲೆಯ ಕಿಟಕಿ ಪಕ್ಕದ ಹುಣಸೆಮರದ ಕೊಂಬೆಯಲ್ಲಿ ಕೂತು ಮೂರನೇ ಕ್ಲಾಸು ಅರ್ಧ ಮುಗಿಸಿದ್ದ. ಒಂದು ದಿನ ಮೇಷ್ಟ್ರು ಮಕ್ಕಳನ್ನು ಅಂಗಳದಲ್ಲಿ ಸುತ್ತ ಓಡಿಸಿ, ಬೆಳ್ಳಿ ಚುಕ್ಕಿ ಅಂದರೆ ಶುಕ್ರ, ಅದೂ ಭೂಮಿಯ ಹಾಗೆ ಸೂರ್ಯನನ್ನು ಸುತ್ತುವ ಗ್ರಹ, ಸಂಜೆಯಿಂದ ಮಾಯವಾದದ್ದು ಮತ್ತೆ ಬೇರೆ ಕಡೆ ಬರುತ್ತದೆ ಎಂದಿದ್ದರು. ಎಷ್ಟು ದಿನಕ್ಕೆ ಬರುತ್ತದೆ ಅಂತಲೂ ಹೇಳಿದ್ದರು. ಆದರೆ ಅಷ್ಟರಲ್ಲಿ ಬಾಲಪ್ಪ ಮೇಷ್ಟ್ರ ಉಪ್ಪಿಟ್ಟಿನ ಡಬ್ಬಿ ಎತ್ತಿಕೊಂಡು ಓಡಿದ್ದ.

ಅಳುಮೋರೆ ಹಾಕಿಕೊಂಡು ನರಿಯ ಹತ್ತಿರ ಹೋದ. "ನರಿಯಣ್ಣ, ಆ ಚುಕ್ಕಿ ಇನ್ನು ಬರುವುದೇ ಇಲ್ಲವಾ?"

"ಸತ್ತದ್ದು ಇಷ್ಟು ಬೇಗ ಎದ್ದು ಬರುತ್ತದೇನೋ, ಪೆದ್ದ?"

"ಅಕಸ್ಮಾತ್ ಬಂದರೆ?"

"ಹತ್ತು ದಿನದೊಳಗೆ ಆಕಾಶದ ಯಾವ ಮೂಲೆಯಲ್ಲಿ ಬಂದರೂ, ಮಳೆ ಬರುವ ತನಕ ರಾತ್ರಿಯಿಡೀ ಹೊಂಡ ನಿಮ್ಮದೇ. ನಾವು ನಿಮ್ಮ ಹಿಂದೆ ಸಾಲಿನಲ್ಲಿ ನಿಲ್ಲುತ್ತೇವೆ. ಬಾರದಿದ್ದರೆ ನೀನೇನು ಮಾಡುತ್ತೀ?"

"ಬದುಕಿರುವವರೆಗೂ ನಿನ್ನ ಮೈಯ ಹೇನು ಹೆಕ್ಕುತ್ತೇನೆ."

ನರಿ ಬಿದ್ದು ಬಿದ್ದು ನಕ್ಕು ಕೆಸರಿನಲ್ಲಿ ಹೆಜ್ಜೆ ಒತ್ತಿತು. ಬಾಲಪ್ಪನೂ ಒತ್ತಿದ. ಈ ಸಲ ಬಾಲ ಒತ್ತಲಿಲ್ಲ.

ದಿನಾ ಬೆಳಗಾಗುವ ಮುಂಚೆ ಅವನು ಬೂರುಗದ ಮರದ ತುದಿ ಹತ್ತಿ, ಮೇಷ್ಟ್ರು ಹೇಳಿದ್ದ ಆ ಬೇರೆ ಕಡೆಗೆ, ಪೂರ್ವಕ್ಕೆ, ಕಣ್ಣು ನೆಟ್ಟ. ಐದು ದಿನ, ಏಳು ದಿನ. ಏನೂ ಇಲ್ಲ. ಒಂಬತ್ತನೆಯ ದಿನ ನರಿ ಅವನೆದುರು ಬೆನ್ನು ಕೆರೆದುಕೊಳ್ಳುತ್ತ, "ಇಲ್ಲಿ ಜಾಸ್ತಿ ಇವೆ, ನೆನಪಿಟ್ಟುಕೋ," ಎಂದಿತು. ಬಾಲಪ್ಪ ಆ ಉಪ್ಪಿಟ್ಟನ್ನು ಮನಸ್ಸಿನಲ್ಲೇ ಬೈದುಕೊಂಡ.

ಹತ್ತನೆಯ ಬೆಳಗ್ಗೆ ಪೂರ್ವದ ಗುಡ್ಡದ ಅಂಚಿನಲ್ಲಿ ಏನೋ ಮಿನುಗಿತು. ಸೂರ್ಯನಿಗಿಂತ ಮುಂಚೆ, ಬೆಳ್ಳಗೆ, ದಪ್ಪಗೆ. ಬಾಲಪ್ಪ ಮರದಿಂದ ಇಳಿಯಲಿಲ್ಲ, ಬಿದ್ದ. ಬಿದ್ದವನು ಹಾಗೇ ಓಡಿ ಎಲ್ಲರನ್ನೂ ಎಬ್ಬಿಸಿದ.

ಹೊಟ್ಟೆ ತುಂಬ ನೀರು ಕುಡಿದು ಬಿಸಿಲೇರುವವರೆಗೆ ಮಲಗುವ ನರಿ, ಹುಟ್ಟಿದಾಗಿನಿಂದ ಆ ಹೊತ್ತಿನ ಆಕಾಶ ನೋಡಿರಲಿಲ್ಲ. ಕಣ್ಣುಜ್ಜಿಕೊಂಡು, "ಇದು ಬೇರೆ ಚುಕ್ಕಿ. ನಮ್ಮದು ಸಂಜೆಯದು, ಇದು ಬೆಳಗಿನದು," ಎಂದಿತು.

ಎಲ್ಲರೂ ಆನೆಜ್ಜಿಯ ಮುಖ ನೋಡಿದರು. ಆನೆಜ್ಜಿ ಬಾಲಪ್ಪನ ಮುಖ ನೋಡಿದಳು.

"ಅಜ್ಜಿ, ನೀವು ಇಲ್ಲೇ ನಡುವೆ ನಿಲ್ಲಿ. ನೀವು ಸೂರ್ಯ," ಎಂದ ಬಾಲಪ್ಪ. "ನಾನು ಭೂಮಿ. ನಿಮ್ಮ ಸುತ್ತ ದೂರದಲ್ಲಿ ನಡೆಯುತ್ತೇನೆ. ನರಿಯಣ್ಣ, ನೀನು ಶುಕ್ರ. ನಿನ್ನದು ಒಳಗಿನ ದಾರಿ, ಚಿಕ್ಕದು. ನೀನು ನನಗಿಂತ ಜೋರಾಗಿ ಓಡಬೇಕು. ಇಬ್ಬರೂ ಒಂದೇ ದಿಕ್ಕಿಗೆ."

ಆನೆಜ್ಜಿ ಸೊಂಡಿಲು ಎತ್ತಿದ್ದರಿಂದ ನರಿ ಓಡಿತು.

"ಈಗ ನೀನು ನನ್ನ ಹಿಂದಿದ್ದೀ. ಇದು ಸಂಜೆಯ ಚುಕ್ಕಿ," ಎಂದು ಬಾಲಪ್ಪ ನಡೆಯುತ್ತಲೇ ಕೂಗಿದ. ನರಿ ಓಡಿ ಓಡಿ ಅವನನ್ನು ಸಮೀಪಿಸಿ, ಅವನಿಗೂ ಆನೆಜ್ಜಿಗೂ ನಡುವೆ ಬಂತು. "ಈಗ ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗಿದ್ದೀ. ಕಾಣುವುದಿಲ್ಲ." ನರಿ ಅವನನ್ನು ದಾಟಿ ಮುಂದೆ ಹೋಯಿತು. "ಈಗ ನನಗಿಂತ ಮುಂದೆ. ಇದು ಬೆಳಗಿನ ಚುಕ್ಕಿ. ನಿಲ್ಲು."

ನರಿ ನಾಲಿಗೆ ಹೊರಹಾಕಿ ನಿಂತಿತು. ಮೊಲಕ್ಕ ಹತ್ತಿರ ಬಂದು ಮೆಲ್ಲಗೆ ಕೇಳಿತು, "ನರಿಯಣ್ಣ, ಹಿಂದಿನಿಂದ ಓಡಿ ಬಂದ ನರಿ ಬೇರೆ, ಮುಂದೆ ಹೋಗಿ ನಿಂತ ನರಿ ಬೇರೆಯಾ?"

"ಥೂ, ಎರಡೂ ನಾನೇ ಕಣೇ," ಎಂದಿತು ನರಿ ಏದುಸಿರು ಬಿಡುತ್ತ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿತು. ತಡವಾಗಿತ್ತು.

"ಚುಕ್ಕಿಯೂ ಒಂದೇ," ಎಂದಳು ಆನೆಜ್ಜಿ. "ಕೆಸರಿನಲ್ಲಿ ನಿನ್ನ ಹೆಜ್ಜೆ ಇದೆಯಪ್ಪ."

ಮೊಲಕ್ಕನ ಮರಿಗಳು ಮೊದಲು ಕುಡಿದವು. ಓಡಿ ಓಡಿ ಗಂಟಲು ಒಣಗಿದ್ದ ನರಿ ಸಾಲಿನ ಕೊನೆಗೆ ಹೋಗಿ ನಿಂತಿತು. ಅದರ ಮುಂದಿದ್ದದ್ದು ಆಮೆ. ಆಮೆ ಒಂದು ಗುಟುಕು ಕುಡಿಯಿತು. ಸ್ವಲ್ಪ ಯೋಚಿಸಿತು. ಆಮೇಲೆ ಇನ್ನೊಂದು ಗುಟುಕಿಗೆ ಬಾಯಿ ಹಾಕಿತು.

ನೀತಿ: ಅರ್ಧ ಆಕಾಶ ನೋಡಿ ಪರರಿಗೆ ಮೋಸ ಮಾಡಲು ಹೊರಟವನು, ಉಳಿದರ್ಧ ಆಕಾಶದ ಕೈಯಲ್ಲಿ ತಾನೇ ಸಿಕ್ಕಿಬೀಳುತ್ತಾನೆ.