ಒಳಗಿಂದ ಬಡಿದ ಬಾಗಿಲು

ತುಂಗಭದ್ರೆಯ ದಂಡೆಯ ಕೂಡ್ಲೂರಿನಲ್ಲಿ ಪೂಜ್ಯ ಶ್ರೀ ಅಡಿವೆಪ್ಪ ತಾತನವರು ಬಾಳಿದ ತಾಣ ಮಠವಲ್ಲ, ಗುಡಿಯೂ ಅಲ್ಲ. ಊರಾಚೆಯ ಪಾಳುಬಿದ್ದ ಸುಣ್ಣದ ಭಟ್ಟಿ. ಅದರ ಮಗ್ಗುಲಿಗೆ ಒಂದು ತಗಡಿನ ಚಪ್ಪರ, ಒಳಗೆ ಈಚಲು ಚಾಪೆ, ಒಂದು ಮಣ್ಣಿನ ಕೊಡ. ರೈತರು ತಂದುಕೊಟ್ಟ ಹರಿದ ಗೋಣಿಚೀಲಗಳನ್ನು ದಬ್ಬಳದಿಂದ ಹೊಲಿಯುತ್ತ ಕುಳಿತಿರುವುದೇ ಅವರ ತಪಸ್ಸಾಗಿತ್ತು. ಮಾತು ಬಲು ಕಡಿಮೆ. ದರ್ಶನಕ್ಕೆ ಹೋದವರು ಎದುರು ಕುಳಿತು ಚೀಲದ ಒಂದು ತುದಿ ಹಿಡಿಯಬೇಕಿತ್ತು.

ಒಂದು ವೈಶಾಖದಲ್ಲಿ ಹಾಗೆ ತುದಿ ಹಿಡಿದು ಕುಳಿತವರು ಯಮುನಾಬಾಯಿ. ಸರಕಾರಿ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸಮ್ಮನಾಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ, ಒಡಹುಟ್ಟಿದವರೂ ಉಳಿದಿರಲಿಲ್ಲ. ಹೆರಿಗೆಗೆ ಬಂದು ಕೂಸನ್ನು ಕಳೆದುಕೊಂಡು, ಗಂಡನ ಮನೆಗೂ ಬೇಡವಾದ ಹುಲಿಗೆಮ್ಮನನ್ನು ಅವರೇ ಮನೆಗೆ ಕರೆತಂದು ಇಪ್ಪತ್ತಾರು ವರ್ಷವಾಗಿತ್ತು. ಇಬ್ಬರದೂ ಒಂದೇ ಒಲೆ, ಒಟ್ಟಿಗೇ ಊಟ. ನೂರಾರು ಜನರ ಕಡೆಯ ಉಸಿರು ಕಂಡಿದ್ದ ಯಮುನಾಬಾಯಿಯವರು ದೆವ್ವವೆಂದರೆ ನಗುವವರು, ಸ್ವಾಮಿಗಳೆಂದರೂ ನಗುವವರೇ.

"ಒಂಬತ್ತು ದಿನ ಆತು ತಾತಾ, ನಮ್ಮ ಹುಲಿಗೆಮ್ಮ ನೆಟ್ಟಗ ಉಂಡಿಲ್ಲ," ಎಂದರು. "ಎದುರುಮನಿ ಬಾಗಿಲಾ ಒಳಗಿಂದ ಯಾರೋ ಬಡೀತಾರಂತ. ನಾನು ಇಲಿ ಅಂದೆ. ನೀವೊಂದು ಮಾತು ಹೇಳಿದ್ರ ಕೇಳ್ಯಾಳು."

ತಾತನವರು ಹೊಲಿಗೆಯಿಂದ ಕಣ್ಣೆತ್ತದೆ ಕೇಳಿದರು: "ನಿನಗ ಕೇಳಿಸಿಲ್ಲೇನು?"

ಯಮುನಾಬಾಯಿಯವರಿಗೂ ಕೇಳಿಸಿತ್ತು.

ಎದುರುಮನೆ ಡ್ರಾಯಿಂಗ್ ಮಾಸ್ತರ ನೀಲಕಂಠರಾಯರದು. ಅವರಿಗೂ ಹತ್ತಿರದವರೆಂದು ಯಾರೂ ಇರಲಿಲ್ಲ. ಹನುಮಂತು ಎಂಬ ಕುಂಟುಗಾಲಿನ ಮುದುಕ ಹದಿನಾಲ್ಕು ವರ್ಷ ಗಂಜಿ ಕಾಸಿ, ಮೈ ತೊಳೆದು ನೋಡಿಕೊಂಡಿದ್ದ. "ನನ್ನ ಹಿಂದ ಈ ಮನಿ ನಿನ್ನದೋ" ಎಂದು ಮಾಸ್ತರರು ಹತ್ತು ಜನರೆದುರು ಹೇಳಿದ್ದರು. ಆದರೆ ಬರೆದಿರಲಿಲ್ಲ. ಅವರು ತೀರಿದ ನಾಲ್ಕನೆಯ ದಿನ, ಎಂದೂ ಮುಖ ತೋರಿಸದ ಇಬ್ಬರು ದಾಯಾದಿಗಳು ಬಂದು ಹನುಮಂತುವಿನ ಗಂಟುಮೂಟೆಯನ್ನು ಬೀದಿಗೆಸೆದರು. ಆಮೇಲೆ ತಮ್ಮತಮ್ಮಲ್ಲೇ ಜಗಳಾಡಿ ಕೋರ್ಟಿಗೆ ಹೋದರು. ಬಾಗಿಲಿಗೆ ಬೀಗ, ಬೀಗಕ್ಕೆ ಅರಗಿನ ಮೊಹರು ಬಿತ್ತು. ಹನುಮಂತು ಬಸ್ ಸ್ಟ್ಯಾಂಡಿನ ಕಂಬಕ್ಕೊರಗಿ ಕುಳಿತ.

ಬಡಿತ ಕೇಳುತ್ತಿದ್ದುದು ನಡುಮಧ್ಯಾಹ್ನ, ಬೀದಿಯಲ್ಲಿ ನಾಯಿಯೂ ಸುಳಿಯದ ಹೊತ್ತು. ಬಡಿತ ಶುರುವಾದ ಏಳನೆಯ ದಿನ ಯಮುನಾಬಾಯಿಯವರು ತಾವೇ ಬೀದಿ ದಾಟಿ ಆ ಬಾಗಿಲಿಗೆ ಕಿವಿ ಹಚ್ಚಿದ್ದರು. ಸುಡುವ ಬಿಸಿಲಲ್ಲೂ ಹಲಗೆ ತಣ್ಣಗಿತ್ತು. ಮೊದಲು ಮೂರು ಬಡಿತ, ಮೆಲ್ಲಗೆ, ಶಕ್ತಿ ಸಾಲದ ಕೈಯವು. ಆಮೇಲೆ ಕಿವಿಗೆ ತೀರ ಹತ್ತಿರದಲ್ಲಿ, "ನರ್ಸಮ್ಮಾ, ಒಂದು ಹಾಳಿ ಕೊಡ್ರಿ."

ಈ ಮಾತನ್ನು ಅವರು ಹುಲಿಗೆಮ್ಮನಿಗೂ ಹೇಳಿರಲಿಲ್ಲ.

ತಾತನವರು ದಾರ ಕಡಿದು ಕೇಳಿದರು: "ಆವತ್ತು ಯಾಕ ಕೊಡಲಿಲ್ಲ?"

ಯಮುನಾಬಾಯಿಯವರ ಕೈಯಿಂದ ಚೀಲದ ತುದಿ ಜಾರಿತು. ಮಾಸ್ತರರ ಕಡೆಯ ಸಂಜೆ ಇಂಜೆಕ್ಷನ್ ಕೊಡಲು ಹೋಗಿದ್ದವರು ಅವರೇ. ಮಾಸ್ತರರು ಬರೆಯಲು ಒಂದು ಹಾಳೆ ಕೇಳಿದ್ದರು, ಎರಡು ಸಲ. "ಈಗ್ಯಾಕ ಮಾಸ್ತರೇ ಅಂಥ ವಿಚಾರ? ಆರಾಮಾಗ್ತೀರಿ, ನಾಳೆ ಬರೀರಂತ," ಎಂದು ಹೊದಿಕೆ ಸರಿಪಡಿಸಿ ಬಂದಿದ್ದರು. ಆಗ ಕೋಣೆಯಲ್ಲಿ ಮೂರನೆಯವರಿರಲಿಲ್ಲ.

"ಹೆದರಬಾರದಂತ ಹಂಗಂದೆ ತಾತಾ," ಎಂದು ಅವರು ಅತ್ತರು.

"ನಾಳೆ ನಾ ಬರ್ತೀನಿ," ಎಂದಷ್ಟೇ ತಾತನವರು ನುಡಿದರು.

ಮರುದಿನ ಸೂರ್ಯ ನೆತ್ತಿಗೇರಿದಾಗ ತಾತನವರು ಬರಿಗಾಲಲ್ಲಿ ಬಂದರು. ಯಮುನಾಬಾಯಿಯವರು ತಮ್ಮ ಮನೆಗೆ ಬೀಗ ಹಾಕಿ, ಹುಲಿಗೆಮ್ಮನ ಕೈ ಹಿಡಿದುಕೊಂಡು ಅವರ ಹಿಂದೆ ನಿಂತರು. ಗಾಳಿ ನಿಂತಿತ್ತು. ಮೊಹರು ಬಿದ್ದ ಬಾಗಿಲು ಮೂರು ಸಲ ಬಡಿಯಿತು; ಬೀಗ ಸಣ್ಣಗೆ ಅಲುಗಿದ್ದನ್ನು ಮೂವರೂ ಕಂಡರು. ತಾತನವರು ಹೊಸ್ತಿಲ ಬಳಿ ಕುಳಿತು ಹಲಗೆಯ ಮೇಲೆ ಅಂಗೈಯಿಟ್ಟರು, ಜ್ವರ ಬಂದವರ ಹಣೆ ಮುಟ್ಟುವ ಹಾಗೆ.

"ಮಾಸ್ತರೇ, ಸಾಕು ಬಿಡ್ರಿ. ಇನ್ನ ಬರಿಯಾಕ ಬರಂಗಿಲ್ಲ."

ಒಳಗೆ ಯಾರೋ ಗೋಡೆ ಹಿಡಿದು ಕೆಳಗೆ ಕುಳಿತಂತೆ ಸರಸರ ಸದ್ದಾಯಿತು. ಆಮೇಲೆ ಏನೂ ಇಲ್ಲ.

ಆಗ ಬೆನ್ನ ಹಿಂದೆ ಬಡಿತ ಕೇಳಿತು.

ಯಮುನಾಬಾಯಿಯವರು ತಿರುಗಿ ನೋಡಿದರು. ಬೀದಿಯಾಚೆ ಅವರದೇ ಮನೆ, ಈಗಷ್ಟೇ ಅವರೇ ಹಾಕಿದ ಬೀಗ, ಬೀಗದ ಕೈ ಅವರ ಸೆರಗಿನ ಗಂಟಿನಲ್ಲೇ ಇತ್ತು. ಒಳಗೆ ಯಾರೂ ಇಲ್ಲ. ಬಾಗಿಲು ಒಳಗಿಂದ ಬಡಿಯುತ್ತಿತ್ತು.

"ತಾತಾ, ಅದ್ಯಾರು?"

ತಾತನವರು ತಿರುಗಲಿಲ್ಲ. "ಇನ್ನೂ ಯಾರೂ ಅಲ್ಲ," ಎಂದರು. "ಕಾಯಿದೆಗೆ ರಕ್ತ ಕಾಣ್ತದ ತಾಯಿ. ಗಂಜಿ ಕಾಸಿದ ಕೈ ಕಾಣಂಗಿಲ್ಲ. ಅದನ್ನ ನೀ ಬರೆದು ತೋರಿಸ್ಬೇಕು. ಕೈಯಾಗ ಕಸುವಿದ್ದಾಗ್ಲೇ," ಎಂದು ಹೇಳಿ ಎದ್ದು ಬಂದ ದಾರಿಯಲ್ಲೇ ನಡೆದುಬಿಟ್ಟರು.

ಯಮುನಾಬಾಯಿಯವರು ಆ ದಿನವೇ ಬಸ್ ಸ್ಟ್ಯಾಂಡಿಗೆ ಹೋಗಿ ಹನುಮಂತುವನ್ನು ಕೈಹಿಡಿದು ಮನೆಗೆ ಕರೆತಂದರು. ವಾರದೊಳಗೆ ವಕೀಲರನ್ನು ಕಂಡು ಉಯಿಲು ಬರೆಸಿದರು. ಮನೆ ಹುಲಿಗೆಮ್ಮನಿಗೆ, ಪಡಸಾಲೆಯ ಪಕ್ಕದ ಕೋಣೆ ಹನುಮಂತುವಿಗೆ ಅವನು ಬದುಕಿರುವತನಕ. ಚಿತೆಗೆ ಬೆಂಕಿಯಿಡುವುದು ಹುಲಿಗೆಮ್ಮನೇ. ಎಲ್ಲವನ್ನೂ ನಡೆಸಿಕೊಡುವ ಹೊಣೆ ವಕೀಲರದು. ಬುದ್ಧಿ ಸ್ವಾಧೀನದಲ್ಲಿದೆಯೆಂದು ಡಾಕ್ಟರರಿಂದ ಬರೆಸಿ ತಂದರು. ಸಾಕ್ಷಿಗೆ ಹುಲಿಗೆಮ್ಮ ಹೆಬ್ಬೆಟ್ಟು ಒತ್ತಲು ಮುಂದಾದಾಗ ವಕೀಲರು ತಡೆದರು: "ಆಸ್ತಿ ಪಡೆಯೋರು ಸಾಕ್ಷಿ ಆಗಬಾರದಮ್ಮ, ಬೇರೆ ಇಬ್ಬರು ಬೇಕು." ಕಾಗದ ರಿಜಿಸ್ಟರ್ ಆದ ದಿನ ಹುಲಿಗೆಮ್ಮ, "ಯಾಕವ್ವಾ ಇಂಥ ಅಪಶಕುನದ ಕೆಲಸ?" ಎಂದು ಬಿಕ್ಕಿದಳು. ಯಮುನಾಬಾಯಿ ಅವಳ ತಲೆ ನೇವರಿಸುತ್ತ ಕುಳಿತರು. ಆ ಮಧ್ಯಾಹ್ನ ಬಾಗಿಲು ಬಡಿಯಲಿಲ್ಲ.

ಸಾವಿನ ಮಾತೆತ್ತಿದವರ ಬಾಯಿ ಮುಚ್ಚಿಸುತ್ತಿದ್ದ ಆ ತಾಯಿ ಅಂದಿನಿಂದ ಬೇರೆಯೇ ಆದರು. ಊರಲ್ಲಿ ಒಂಟಿಜೀವ ಹಾಸಿಗೆ ಹಿಡಿಯಿತೆಂದರೆ ಮೊದಲು ನಾಡಿ ನೋಡುವರು, ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, "ಯಾರಿಗೆ ಏನು ಕೊಡಬೇಕಂತೀರಿ? ಹೇಳ್ರಿ, ನಾ ಕೇಳ್ತೀನಿ," ಎನ್ನುವರು. ಪ್ರತಿ ಸೋಮವಾರ ಭಟ್ಟಿಗೆ ಹೋಗಿ ತಾತನವರ ಎದುರು ಕೂರುವರು.

ಎಂಟು ವರ್ಷದ ಮೇಲೆ ಒಂದು ಬೆಳಗ್ಗೆ ಅವರು ಹುಲಿಗೆಮ್ಮನ ಕೈಯಲ್ಲಿ ನೀರು ಕುಡಿದು ಶಾಂತವಾಗಿ ಕಣ್ಣುಮುಚ್ಚಿದರು. "ಏನರ ಹೇಳೋದು ಉಳದೈತೇನವ್ವಾ?" ಎಂದು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದ್ದರಂತೆ.

ಮೂರನೆಯ ದಿನ ಸೊಲ್ಲಾಪುರದ ಕಡೆಯಿಂದ ದೂರದ ಸಂಬಂಧಿಯೊಬ್ಬ ಹೊಸ ಬೀಗ ಹಿಡಿದು ಬಂದ. ವಕೀಲರು ಪಡಸಾಲೆಯಲ್ಲಿ ಕುಳಿತು ಉಯಿಲನ್ನು ಮೊದಲಿನಿಂದ ಕಡೆಯವರೆಗೆ ಓದಿದರು. ಆತ ಬೆವರೊರೆಸಿಕೊಂಡು ಎದ್ದುನಿಂತ. ಅಷ್ಟರಲ್ಲಿ ಹುಲಿಗೆಮ್ಮ ಒಳಗಿಂದ ತಟ್ಟೆ ತಂದಿಟ್ಟು, "ಕೂಡ್ರಿ ಯಣ್ಣಾ," ಎಂದಳು. "ನಮ್ಮ ಮನೀಗೆ ಬಂದೀರಿ, ಉಂಡೇ ಹೋಗಬೇಕು."