ಆಚೆ ದಡದ ಜೇನು

ಒಂದು ಕಾಡಿನಲ್ಲಿ ಒಬ್ಬ ದಡ್ಡ ಕರಡಿ ಇದ್ದ. ಆ ಕರಡಿ ನಾನೇ. ಬೇರೆಯವರು ನಗುತ್ತಾ ಹೇಳುವ ಮುಂಚೆ ಈ ಕಥೆ ನಾನೇ ಹೇಳಿಬಿಡುತ್ತೇನೆ.

ನಮ್ಮ ಕಾಡಿನಲ್ಲಿ ಜೇನು ಬೇಕಾದಷ್ಟಿತ್ತು, ಉಪ್ಪಿರಲಿಲ್ಲ. ಹೊಳೆಯ ಆಚೆ ದಡದ ಕಾಡಿನಲ್ಲಿ ಉಪ್ಪಿತ್ತು, ಜೇನಿರಲಿಲ್ಲ. ತೆಪ್ಪ ಇದ್ದದ್ದು ಶಾಂಬಣ್ಣ ಎಂಬ ನರಿಯ ಹತ್ತಿರ ಮಾತ್ರ. ಅವನು ಒಂದು ಜೇನುಹುಟ್ಟು ಒಯ್ದು ಒಂದು ಹೆಂಟೆ ಉಪ್ಪು ತಂದುಕೊಡುತ್ತಿದ್ದ. ಎಲ್ಲರೂ ಸುಖವಾಗಿದ್ದೆವು.

ಒಂದು ದಿನ ಅವನು ಮುಖ ಸಣ್ಣದು ಮಾಡಿಕೊಂಡು ಬಂದ.

"ಕರಡಿರಾಯರೇ, ನಿಮ್ಮ ಜೇನಿನಲ್ಲಿ ಕಸ ಇದೆಯಂತೆ. ಆಚೆಯವರು ಮೂಸಿಯೂ ನೋಡಲ್ಲ ಅಂತಾರೆ. ಇನ್ನು ಮೇಲೆ ಒಂದು ಹೆಂಟೆಗೆ ಐದು ಹುಟ್ಟು ಕೊಡಬೇಕಾಗುತ್ತೆ."

ನಾನು ಯೋಚಿಸುವಷ್ಟರಲ್ಲಿ ನನ್ನ ಕೊರಳಿಗೆ ಹೂವಿನ ಹಾರ ಹಾಕಿ, "ಇವತ್ತಿನಿಂದ ನೀವು ಈ ದಡದ ವ್ಯಾಪಾರ ಮಂಡಳಿಯ ಅಧ್ಯಕ್ಷರು" ಎಂದ. ಮಂಡಳಿಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅದು ನನಗೆ ಹೊಳೆದದ್ದು ಹಾರ ಬಾಡಿದ ಮೇಲೆ. ಅಷ್ಟರಲ್ಲಿ ತಲೆಯಾಡಿಸಿಯಾಗಿತ್ತು.

ಮುಂದಿನ ಸಲ ಅವನು ಒಂದು ಬಿದಿರಿನ ಕೊಳವೆ ತಂದ. "ಇದು ಆಚೆ ದಡದ ಜೇನು. ನಿಮ್ಮಂಥ ದೊಡ್ಡವರಿಗೆ ಮಾತ್ರ. ಎಂಟು ಹುಟ್ಟು ಕೊಡಿ."

ಆಚೆ ದಡದಲ್ಲಿ ಜೇನೇ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನೆಕ್ಕಿದೆ. ಹೊರಗಿನ ಮಾಲಿನ ರುಚಿಯೇ ಬೇರೆ ಎಂದು ಕಾಡಿಗೆಲ್ಲ ಹೇಳಿಕೊಂಡು ಬಂದೆ.

ಕೆಲವೇ ತಿಂಗಳಲ್ಲಿ ಹುಟ್ಟುಗಳೆಲ್ಲ ಖಾಲಿಯಾದವು. ಜೇನುಹುಳುಗಳು ಕಾಡು ಬಿಟ್ಟು ಹೋದವು. ಮರಿಗಳು ಮರದ ತೊಗಟೆ ನೆಕ್ಕತೊಡಗಿದವು. ಆಗ ಮುಳ್ಳುಹಂದಿ ಕಾಳವ್ವ ನನ್ನ ಗುಹೆಗೆ ಬಂದಳು. ಅವಳ ಮೊಮ್ಮಗಳು ಎದ್ದು ನಿಲ್ಲಲಾರದಷ್ಟು ಸೊರಗಿದ್ದಳು.

"ಅಧ್ಯಕ್ಷಪ್ಪ, ಕೂಸಿಗೆ ಒಂದು ಹನಿ ಜೇನು ಕೊಡು."

ಕೊಳವೆ ಬಗ್ಗಿಸಿದೆ. ಜೇನಿನ ಜೊತೆ ಉದ್ದನೆಯ ಕರಿ ಕೂದಲೊಂದು ಇಳಿಯಿತು. ಕಾಳವ್ವ ಅದನ್ನು ನನ್ನ ತೋಳಿನ ಪಕ್ಕ ಹಿಡಿದು ನೋಡಿದಳು.

"ಇದು ನಿಂದೇ ಕಣಪ್ಪ. ನಿನ್ನ ಜೇನನ್ನೇ ಕೊಳವೆಗೆ ತುಂಬಿ ನಿನಗೇ ಮಾರವ್ನೆ."

ನಾಚಿಕೆ ತಡೆಯಲಾರದೆ ಹೊಳೆಗೆ ಧುಮುಕಿದೆ. ನನಗೆ ಈಜು ಬರುತ್ತದೆ ಎಂಬುದು ಆಗ ನೆನಪಾಯಿತು. ಅಷ್ಟು ದಿನ ತೆಪ್ಪಕ್ಕಾಗಿ ಕಾದು ಕೂತಿದ್ದೆ.

ಆಚೆ ದಡದಲ್ಲಿ ಗಂಗಿ ಎಂಬ ಕಡವೆ ಸಿಕ್ಕಳು. ಅವಳ ಪಕ್ಕೆಲುಬುಗಳೆಲ್ಲ ಎದ್ದು ಕಾಣುತ್ತಿದ್ದವು. ಕೊರಳಲ್ಲಿ ಒಂದು ಬಾಡಿದ ಹಾರ.

"ನೀವೂ ಅಧ್ಯಕ್ಷರಾ?" ಎಂದು ಕೇಳಿದೆ.

"ಹೂಂ. ನಮ್ಮ ಉಪ್ಪಿನಲ್ಲಿ ಮಣ್ಣಿದೆ ಅಂತ ನೀವು ಬೇಡ ಅಂದ್ರಂತೆ. ಒಂದು ಕೊಳವೆ ಜೇನಿಗೆ ಹತ್ತು ಹೆಂಟೆ ಕೊಡ್ತಿದ್ದೀವಿ."

ಶಾಂಬಣ್ಣ ನಮಗೆ ಹೇಳಿದ್ದನ್ನೆಲ್ಲ ನಾನೂ ಅವಳಿಗೆ ಹೇಳಿದೆ.

ಅವತ್ತೇ ಎರಡೂ ಕಾಡಿನವರು ಸೇರಿ ಬಿದಿರು ಕಡಿದು ನಮ್ಮದೇ ತೆಪ್ಪ ಕಟ್ಟಿದೆವು. ಅಳಿದುಳಿದ ಜೇನನ್ನು ಕಾಳವ್ವ ಸೋಸಿದಳು. ಮೊಮ್ಮಗಳು ಎದ್ದು ಓಡಾಡಿದಳು. ಹುಟ್ಟಿನಲ್ಲಿ ಅರ್ಧ ಬಿಡಲು ಕಲಿತ ಮೇಲೆ ಹುಳುಗಳೂ ತಿರುಗಿ ಬಂದವು.

ಶಾಂಬಣ್ಣನ ಬಿಲದಲ್ಲಿ ಕೂಡಿಟ್ಟ ಉಪ್ಪು ಮಳೆಗೆ ಕರಗಿತು. ಜೇನಿಗೆ ಇರುವೆ ಮುತ್ತಿತು. ಹಸಿದು ಬಂದವನನ್ನು ಓಡಿಸಬೇಕೆಂದು ಕೆಲವರು ಹೇಳಿದರು. ಕಾಳವ್ವ ಒಪ್ಪಲಿಲ್ಲ. "ತೆಪ್ಪ ನಡೆಸು. ಎಲ್ಲರ ಹಾಗೆ ಒಂದು ಪಾಲು ತಗೋ" ಎಂದಳು.

ಅವನು ತಲೆ ತಗ್ಗಿಸಿ ಹುಟ್ಟುಗೋಲು ಹಿಡಿದ. ನಾನು ಅವನನ್ನು ಬೈಯಲು ಹೋದವನು ತೆಪ್ಪಕ್ಕೆ ಜೇನು ಏರಿಸಿದೆ. ಮೋಸ ಮಾಡಿದ್ದು ಅವನೇ ನಿಜ, ಖುಷಿಯಿಂದ ಒಪ್ಪಿದ್ದು ನಾನು.

ನೀತಿ: ಕೊಡುವವರು, ಕೊಳ್ಳುವವರು ಎದುರುಬದುರು ಕೂತು ಮಾತಾಡಿದರೆ ವ್ಯಾಪಾರ ಎರಡೂ ದಡಗಳನ್ನು ಸಾಕುತ್ತದೆ, ದಾರಿ ಒಬ್ಬನ ಕೈಯಲ್ಲೇ ಉಳಿದರೆ ಎರಡೂ ದಡಗಳು ಸೊರಗುತ್ತವೆ.