ಗುಂಡು ತಗುಲಿತೆಂದು ಹೇಳಿದವನು

"ಹೊಸದಾಗಿ ಬಂದವರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂದು ಹೇಗೆ ತಿಳಿಯುವುದು, ಗುರುಗಳೇ?" ಎಂದು ಶಶಿರೇಖಾ ಕೇಳಿದಳು.

ಅವಳು ಯುದ್ಧದಾಟದ ದಳವೊಂದರಲ್ಲಿದ್ದಳು. ಸೈನ್ಯದ ಕಾರ್ಯಾಚರಣೆ ಹೇಗೆ ನಡೆಯುತ್ತದೋ ಹಾಗೆಯೇ ಅವರ ಆಟ. ನಕ್ಷೆ, ಆಜ್ಞೆ, ಕಾವಲು, ಗಾಯಾಳುಗಳ ಸಾಗಾಟ ಎಲ್ಲ ಅದರಲ್ಲಿ ಇರುತ್ತದೆ. ಬಂದೂಕು ಮಾತ್ರ ಆಟದ್ದು, ಗುಂಡು ಪ್ಲಾಸ್ಟಿಕ್ಕಿನದು. ಆ ವಾರ ಒಂಬತ್ತು ಜನ ಹೊಸಬರು ಸೇರಿದ್ದರು. ಅವರನ್ನು ತಯಾರು ಮಾಡುವ ಹೊಣೆ ಅವಳ ಪಾಲಿಗೆ ಬಂದಿತ್ತು. ದಳವನ್ನು ಕಟ್ಟಿದವರು ಫಕೀರಪ್ಪ ಮೇಷ್ಟ್ರು. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು.

"ನೀನು ಏನು ಯೋಚಿಸಿದ್ದೀಯ?" ಎಂದು ಅವರು ಕೇಳಿದರು.

"ಎಂಟು ವಾರ ಪರೀಕ್ಷೆ ಮಾಡುತ್ತೇನೆ. ಗುರಿ ನೋಡಬೇಕು, ಓಟ ನೋಡಬೇಕು, ಹೇಳಿದ ಮಾತು ಕೇಳುತ್ತಾರೋ ಇಲ್ಲವೋ ನೋಡಬೇಕು. ಕೊನೆಗೆ ನಾಲ್ಕು ಜನ ಉಳಿದರೆ ಹೆಚ್ಚು."

ಮೇಷ್ಟ್ರು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ನಮ್ಮದರಂತೆಯೇ ಒಂದು ದಳವಿತ್ತು. ಒಬ್ಬ ಬಟ್ಟೆ ವ್ಯಾಪಾರಿ ಅದರ ನಾಯಕ. ಊರಾಚೆ ಕೆಲಸ ನಿಂತುಹೋದ ಒಂದು ಕಲ್ಲುಕ್ವಾರಿ ಇತ್ತು. ಭಾನುವಾರದ ಬೆಳಗ್ಗೆ ಅವರೆಲ್ಲ ಅಲ್ಲಿ ಸೇರುತ್ತಿದ್ದರು. ಹೊಸಬರಿಗೆ ಎಂಟು ವಾರದ ಪರೀಕ್ಷೆ. ಅದು ಮುಗಿದ ದಿನ ನಾಯಕ ಹಸಿರು ತೋಳಪಟ್ಟಿ ಕಟ್ಟಿದರೆ ದಳಕ್ಕೆ ಸೇರಿದ ಹಾಗೆ. ಕಟ್ಟದಿದ್ದರೆ ಮರುವಾರ ಬರುವಂತಿಲ್ಲ.

ಒಂದು ವರ್ಷ ಐವರು ಹೊಸಬರು ಬಂದರು. ಮೊದಲ ವಾರ ವ್ಯಾಪಾರಿ ಅವರನ್ನು ಸಾಲಾಗಿ ನಿಲ್ಲಿಸಿದ. "ನಮ್ಮ ಗುಂಡಿನಿಂದ ಗಾಯವಾಗುವುದಿಲ್ಲ. ಬಟ್ಟೆಯ ಮೇಲೆ ಗುರುತೂ ಉಳಿಯುವುದಿಲ್ಲ. ತಗುಲಿತೋ ಇಲ್ಲವೋ ಎಂಬುದು ತಗುಲಿಸಿಕೊಂಡವನಿಗೇ ಗೊತ್ತು. ಆದ್ದರಿಂದ ಅವನೇ ಕೈ ಎತ್ತಬೇಕು. ಅವನ ಬದಲು ಇನ್ನೊಬ್ಬರು ಹೇಳುವಂತಿಲ್ಲ. ಕೈ ಎತ್ತಿದ ಮೇಲೆ ಆಟ ಮುಗಿಯುವವರೆಗೆ ಅಲ್ಲೇ ಕೂತಿರಬೇಕು. ಈ ಒಂದು ನಿಯಮ ಮುರಿದರೆ ನಾವು ಆಡುವುದು ಯುದ್ಧವಲ್ಲ, ಕಣ್ಣಾಮುಚ್ಚಾಲೆ," ಎಂದ.

ಐವರಲ್ಲಿ ಒಬ್ಬ ಬಡಗಿ. ವಯಸ್ಸು ನಲವತ್ತು ದಾಟಿತ್ತು. ಹುಡುಗನಾಗಿದ್ದಾಗ ಅವನು ಸೈನ್ಯಕ್ಕೆ ಸೇರಲು ಹೋಗಿದ್ದ. ಪಾದ ಚಪ್ಪಟೆ ಎಂದು ಹಿಂದಕ್ಕೆ ಕಳಿಸಿದ್ದರು. ಆ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ, ಮರೆತೂ ಇರಲಿಲ್ಲ.

ಬಡಗಿಗೆ ಓಡಲು ಆಗುತ್ತಿರಲಿಲ್ಲ. ಗುರಿಯೂ ಸಾಧಾರಣ. ವಾಕಿಟಾಕಿಯಲ್ಲಿ ಹೇಳಿದ್ದನ್ನು ಎರಡು ಸಲ ಕೇಳುತ್ತಿದ್ದ. ಮೂರನೆಯ ವಾರ ವ್ಯಾಪಾರಿ ಅವನನ್ನು ಸ್ಟ್ರೆಚರ್ ಹೊರುವ ಕೆಲಸಕ್ಕೆ ಹಾಕಿದ. ಅದು ಯಾರಿಗೂ ಬೇಡವಾದ ಕೆಲಸ. ಬಡಗಿ ಬೇಸರಪಡಲಿಲ್ಲ. ಮನೆಗೆ ಹೋಗಿ ಅಂಗಳದಲ್ಲಿ ಒಂದು ಹಲಗೆ ಹಾಕಿದ. ಅದರ ಮೇಲೆ ಹೆಂಡತಿಯನ್ನು ಕೂರಿಸಿ, ಅವಳ ಕೈಗೆ ತುಂಬಿದ ತಂಬಿಗೆ ಕೊಟ್ಟ. ತಮ್ಮನನ್ನು ಮುಂದೆ ನಿಲ್ಲಿಸಿ, ತಾನು ಹಿಂದೆ ನಿಂತು, ಹಲಗೆ ಹೊತ್ತು ನಡೆದ. ಮೊದಲ ದಿನ ಹೆಂಡತಿಯ ಸೀರೆಯೆಲ್ಲ ಒದ್ದೆಯಾಯಿತು. "ನಲವತ್ತು ವರ್ಷಕ್ಕೆ ಇದೆಂಥ ಆಟ?" ಎಂದು ಅವಳು ನಕ್ಕಳು. ಅವನು ದಿನವೂ ನಡೆದ. ಆರನೆಯ ವಾರದ ಹೊತ್ತಿಗೆ ತಂಬಿಗೆಯಿಂದ ಹನಿ ನೀರು ಚೆಲ್ಲುತ್ತಿರಲಿಲ್ಲ.

ಎಂಟನೆಯ ವಾರ ಪಕ್ಕದ ಊರಿನ ದಳದ ಜೊತೆ ಪಂದ್ಯವಿತ್ತು. ಅದು ಸಾಮಾನ್ಯ ಪಂದ್ಯವಲ್ಲ. ಎರಡು ದಳಕ್ಕೂ ಜಾಗ ಕೊಡಲಾರೆ, ಗೆದ್ದವರಿಗೆ ಮಾತ್ರ ಒಂದು ವರ್ಷ ಕ್ವಾರಿ ಎಂದು ಅದರ ಒಡೆಯ ಹೇಳಿಬಿಟ್ಟಿದ್ದ. ವ್ಯಾಪಾರಿಯ ದಳಕ್ಕೆ ಬಂದ ಕೆಲಸ ಇಷ್ಟು: ಮೇಲಿನ ಬಂಡೆಯ ಬಳಿ ಮಲಗಿರುವ ಗಾಯಾಳುವನ್ನು ಹೊತ್ತು, ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಕೆಳಗೆ ಕಲ್ಲು ಒಡೆಯುವ ಕ್ರಷರ್ ಶೆಡ್ಡು ಮುಟ್ಟಿಸಬೇಕು. ಎದುರು ದಳದವರು ಅದನ್ನು ತಡೆಯಬೇಕು. ಗಾಯಾಳುವಾಗಿ ಮಲಗಿದವನು ಎರಡೂ ದಳಕ್ಕೆ ಸೇರದ ಒಬ್ಬ ದರ್ಜಿ. ಕಣ್ಣಿಗೆ ಗಾಯವಾದಂತೆ ಅವನ ಕಣ್ಣಿಗೆ ಬಟ್ಟೆ ಕಟ್ಟಿದ್ದರು.

ಹೊರಟಾಗ ದರ್ಜಿಯನ್ನು ಹೊತ್ತವರು ನಾಲ್ವರು, ಸುತ್ತ ಕಾವಲಿಗೆ ಹದಿನೆಂಟು ಜನ. ಅರ್ಧ ದಾರಿಯಲ್ಲಿ ಕಾವಲಿನವರೆಲ್ಲ ಒಬ್ಬೊಬ್ಬರಾಗಿ ಕೈ ಎತ್ತಿ ಕೂತರು. ಹೊತ್ತವರಲ್ಲಿ ಇಬ್ಬರು ಕೂತರು. ಉಳಿದವರು ಮುಂದಿನ ತುದಿಯಲ್ಲಿ ವ್ಯಾಪಾರಿ, ಹಿಂದಿನ ತುದಿಯಲ್ಲಿ ಬಡಗಿ.

ಇಳಿಜಾರಿನ ಬುಡದಲ್ಲಿ ವ್ಯಾಪಾರಿಯ ಮೀನಖಂಡಕ್ಕೆ ಏನೋ ಚುರುಕ್ಕೆಂದು ಬಡಿಯಿತು. ಅವನು ಒಂದು ಹೆಜ್ಜೆ ತಡೆದ. ಕಲ್ಲಿನ ಚೂರು ಸಿಡಿದಿರಬೇಕು ಎಂದುಕೊಂಡ. ಮತ್ತೆ ನಡೆದ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅದು ಕಲ್ಲಿನ ಚೂರೇ ಎಂದು ಅವನು ನಂಬಿಬಿಟ್ಟಿದ್ದ.

ಶೆಡ್ಡು ಇನ್ನು ನಲವತ್ತು ಹೆಜ್ಜೆ ಇತ್ತು. ಹನ್ನೆರಡಕ್ಕೆ ಎರಡು ನಿಮಿಷ ಬಾಕಿ. ಸುತ್ತ ಯಾರ ತಲೆಯೂ ಕಾಣುತ್ತಿರಲಿಲ್ಲ. ಆಗ ಹಿಂದಿನಿಂದ ಬಡಗಿ, "ಇಳಿಸಿ, ಸಾಹುಕಾರರೇ," ಎಂದ. ವ್ಯಾಪಾರಿಗೆ ಅರ್ಥವಾಗಲಿಲ್ಲ. ಬಡಗಿ ತನ್ನ ತುದಿಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ. ದರ್ಜಿಯ ತಲೆ ಕಲ್ಲಿಗೆ ತಾಗದಂತೆ ನೋಡಿಕೊಂಡ. ಆಮೇಲೆ ಬಲಗೈ ಎತ್ತಿ, "ನನಗೆ ಬೆನ್ನಿಗೆ ತಗುಲಿತು," ಎಂದು ಹೇಳಿ, ಇದ್ದಲ್ಲೇ ಕೂತ.

ಅವನ ಮೈಮೇಲೆ ದಪ್ಪ ಕೋಟು ಇತ್ತು. ಗುಂಡು ತಗುಲಿದ್ದನ್ನು ಯಾರೂ ನೋಡಿರಲಿಲ್ಲ. ಹೊಡೆದವನಿಗೂ ಖಾತ್ರಿ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ವ್ಯಾಪಾರಿ ಸ್ಟ್ರೆಚರನ್ನು ಒಬ್ಬನೇ ಎಳೆದ. ಅಂಗೈ ಸುಲಿಯಿತು. ಬಿಡದೆ ಎಳೆದ. ಶೆಡ್ಡಿಗೆ ಹನ್ನೊಂದು ಹೆಜ್ಜೆ ಇರುವಾಗ ತೀರ್ಪುಗಾರ ಸೀಟಿ ಊದಿದ. ದಳ ಪಂದ್ಯ ಸೋತಿತು. ಕ್ವಾರಿ ಹೋಯಿತು.

ದಳದವರೆಲ್ಲ ಶೆಡ್ಡಿನ ನೆರಳಿಗೆ ಬಂದರು. ಯಾರ ಮುಖವೂ ಸರಿ ಇರಲಿಲ್ಲ. "ಅವನಿಗೆ ಪಟ್ಟಿ ಕಟ್ಟಬೇಡಿ," ಎಂದು ಒಬ್ಬ ಹೇಳಿದ. "ನಲವತ್ತು ಹೆಜ್ಜೆ ಸುಮ್ಮನೆ ನಡೆದಿದ್ದರೆ ಆಗುತ್ತಿತ್ತು. ಯಾರಿಗೆ ತಿಳಿಯುತ್ತಿತ್ತು?" ಎಂದು ಇನ್ನೊಬ್ಬ ಹೇಳಿದ. ಹಲವರು ತಲೆಯಾಡಿಸಿದರು. ದಳದ ಉಪನಾಯಕಿ ಒಬ್ಬ ದಾದಿ. ಅವಳು ವ್ಯಾಪಾರಿಯ ಮುಖ ನೋಡಿದಳು.

ವ್ಯಾಪಾರಿ ಎದ್ದು ಬಡಗಿಯ ಬಳಿ ಹೋದ. ಬಡಗಿ ದೂರದಲ್ಲಿ ಸ್ಟ್ರೆಚರಿನ ಬಟ್ಟೆಯ ಧೂಳು ಕೊಡವುತ್ತಿದ್ದ. ವ್ಯಾಪಾರಿ ಅವನನ್ನು ಬೈಯಲು ಹೋಗಿದ್ದ. ಎದುರು ನಿಂತಾಗ ಬೇರೆ ಮಾತು ಬಾಯಿಗೆ ಬಂತು.

"ಇಳಿಜಾರಿನ ಹತ್ತಿರ ನೀನು ನನ್ನ ಹಿಂದೆಯೇ ಇದ್ದೆ."

"ಹೌದು."

"ಏನಾದರೂ ನೋಡಿದೆಯಾ?"

"ನೋಡಿದೆ. ನಿಮ್ಮ ಎಡಗಾಲಿಗೆ ತಗುಲಿತು."

"ಆಗಲೇ ಯಾಕೆ ಹೇಳಲಿಲ್ಲ?"

ಬಡಗಿ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ತಗುಲಿಸಿಕೊಂಡವನೇ ಹೇಳಬೇಕು, ಇನ್ನೊಬ್ಬರು ಹೇಳುವಂತಿಲ್ಲ ಅಂತ ಮೊದಲನೇ ವಾರ ನೀವೇ ಕಲಿಸಿದಿರಿ, ಸಾಹುಕಾರರೇ."

ವ್ಯಾಪಾರಿಗೆ ಕಿವಿಯವರೆಗೂ ಬಿಸಿಯಾಯಿತು. ಕಲ್ಲಿನ ಚೂರು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡ. ಇವತ್ತು ನಿಜ ಹೇಳದೆ ಬಿಟ್ಟರೆ ಇನ್ನೆಂದೂ ಹೇಳಲಾರೆ ಎಂದು ಅವನಿಗೆ ಅನ್ನಿಸಿತು.

ಶೆಡ್ಡಿಗೆ ಹಿಂದಿರುಗಿ, ಎಲ್ಲರ ನಡುವೆ ನಿಂತು ಬಲಗೈ ಎತ್ತಿದ. "ಇಳಿಜಾರಿನ ಬುಡದಲ್ಲಿ ನನಗೆ ಗುಂಡು ತಗುಲಿತ್ತು. ನಾನು ಹೇಳಲಿಲ್ಲ. ನಾವು ಸೋತದ್ದು ಅಲ್ಲಿ," ಎಂದ. ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಎದುರು ದಳದವರು ವ್ಯಾನು ಹತ್ತುತ್ತಿದ್ದರು. ಅವರ ನಾಯಕಿ ಅಂಚೆ ಕಚೇರಿಯ ಗುಮಾಸ್ತೆ. ಅವಳ ಬಳಿಗೂ ಹೋಗಿ ಅದೇ ಮಾತು ಹೇಳಿದ.

"ಗೆದ್ದವರು ನಾವು. ಈಗ ಇದನ್ನು ಯಾಕೆ ಹೇಳುತ್ತೀರಿ?" ಎಂದು ಅವಳು ಕೇಳಿದಳು.

"ನಿಮ್ಮವರು ಇಟ್ಟ ಗುರಿ ತಪ್ಪಿರಲಿಲ್ಲ. ಅದು ಅವರಿಗೆ ತಿಳಿಯಬೇಕು," ಎಂದ.

ಹಿಂದಿರುಗಿ ಬಂದು ತನ್ನ ತೋಳಪಟ್ಟಿ ಬಿಚ್ಚಿ ದಾದಿಯ ಕೈಗೆ ಕೊಟ್ಟ. "ದಳ ನೀವು ನಡೆಸಿ. ನಾನು ಹೊಸಬನಾಗಿ ಬರುತ್ತೇನೆ, ಎಂಟು ವಾರ," ಎಂದ. ಆಮೇಲೆ ಬಡಗಿಯ ಕಡೆ ತಿರುಗಿ, "ನಿಮ್ಮ ಎಂಟು ವಾರ ಇವತ್ತಿಗೆ ಮುಗಿಯಿತು. ಪಟ್ಟಿ ಕಟ್ಟಿಸಿಕೊಳ್ಳಿ," ಎಂದ. ಅವನು ಬಡಗಿಗೆ ನೀವು ಎಂದದ್ದು ಅದೇ ಮೊದಲು.

ದಾದಿ ಹಸಿರು ಪಟ್ಟಿ ಹಿಡಿದು ಮುಂದೆ ಬಂದಳು. ಬಡಗಿ ಹಿಂದೊಮ್ಮೆ ಸೈನ್ಯದ ಸಾಲಿನಿಂದ ತಿರಸ್ಕೃತನಾಗಿ ಹೊರಬಂದ ಮನುಷ್ಯ. ಆ ಪಟ್ಟಿಗಾಗಿ ವಾರಗಟ್ಟಲೆ ಅಂಗಳ ಸುತ್ತಿದವನು. ಆದರೂ ಕೈ ಚಾಚಲಿಲ್ಲ. "ಈಗಲೇ ಬೇಡಮ್ಮ. ಸ್ವಲ್ಪ ದಿನ ಬಂದು ಹೋಗುತ್ತಿರುತ್ತೇನೆ. ಆಮೇಲೆ ನೋಡೋಣ," ಎಂದ. ದಾದಿ ಒಪ್ಪಿದಳು.

ಮರುವಾರ ಆಡಲು ಕ್ವಾರಿ ಇರಲಿಲ್ಲ. ಹೂಳು ತುಂಬಿದ ಹಳೆಯ ಕೆರೆಯಂಗಳದಲ್ಲಿ ಸೇರಬೇಕೆಂದು ದಾದಿ ಹೇಳಿಕಳಿಸಿದಳು. ಇಪ್ಪತ್ತೆರಡು ಜನರ ದಳದಲ್ಲಿ ಬಂದವರು ಹನ್ನೆರಡು. ಉಳಿದವರಿಗೆ ನಾಯಕ ಕೈ ಎತ್ತಿದ್ದು ಅವಮಾನವೆನಿಸಿತ್ತು. ಬಡಗಿ ಸೈಕಲ್ಲಿನಲ್ಲಿ ಬಂದಾಗ ವ್ಯಾಪಾರಿ ಆಗಲೇ ಬಂದು, ನೀರಿನ ಕ್ಯಾನುಗಳನ್ನು ತುಂಬಿ ಸಾಲಾಗಿ ಇಟ್ಟಿದ್ದ.

ಆ ಎಂಟು ವಾರ ವ್ಯಾಪಾರಿ ಹೊಸಬರ ಸಾಲಿನ ಕೊನೆಯಲ್ಲಿ ನಿಂತ. ಅವನ ಅಂಗಡಿಯಲ್ಲಿ ದುಡಿಯುವ ಒಬ್ಬಾತ ಅದೇ ಸಾಲಿನಲ್ಲಿ ಅವನಿಗಿಂತ ಮುಂದೆ ನಿಂತಿದ್ದ. ವ್ಯಾಪಾರಿ ದಾದಿ ಹೇಳಿದಾಗ ಓಡಿದ, ಹೇಳಿದಾಗ ಮಲಗಿದ. ಬಡಗಿಯ ಅಂಗಳಕ್ಕೂ ಹೋಗಿ ಹಲಗೆ ಹೊತ್ತ. ಬಡಗಿಯ ಹೆಂಡತಿ ಮತ್ತೆ ಎರಡು ದಿನ ಒದ್ದೆಯಾದಳು. ಒಂದು ಭಾನುವಾರ ಆಟ ಶುರುವಾಗಿ ಐದೇ ನಿಮಿಷಕ್ಕೆ ಬೇಲಿಯ ಹಿಂದೆ ಒಬ್ಬನೇ ಇದ್ದಾಗ ಅವನ ಮೊಣಕೈಗೆ ಗುಂಡು ತಗುಲಿತು. ನೋಡುವವರು ಯಾರೂ ಇರಲಿಲ್ಲ. ಅವನು ಕೈ ಎತ್ತಿ, ಮೂರು ಗಂಟೆ ಹೊತ್ತು ಬಿಸಿಲಿನಲ್ಲಿ ಕೂತ. ಆಟ ಮುಗಿದ ಮೇಲೆ ಅವನನ್ನು ಹುಡುಕಬೇಕಾಯಿತು. ಹುಡುಕಿದವನು ಬಡಗಿ.

ಎಂಟನೆಯ ವಾರ ಬಡಗಿ ದಾದಿಯ ಮುಂದೆ ಹೋಗಿ ನಿಂತು, "ಈಗ ಕಟ್ಟಿ ಅಮ್ಮ," ಎಂದ. ಅವಳು ಕಟ್ಟಿದಳು.

ಮರುವರ್ಷದ ಪಂದ್ಯವನ್ನೂ ಅವರು ಸೋತರು. ಕೆರೆಯಂಗಳದಲ್ಲೇ ಇನ್ನೊಂದು ವರ್ಷ ಆಡಿದರು. ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಸ್ಟ್ರೆಚರ್ ಹೊತ್ತರು. ಬಿಟ್ಟುಹೋದವರಲ್ಲಿ ಮೂವರು ತಾವಾಗಿಯೇ ಹಿಂದಿರುಗಿದರು. ಮೂರನೆಯ ವರ್ಷ ಗೆದ್ದು ಕ್ವಾರಿಗೆ ಮರಳಿದರು.

ಮೇಷ್ಟ್ರು ಕತೆ ನಿಲ್ಲಿಸಿದರು.

ಶಶಿರೇಖಾ ಯೋಚಿಸಿ ಕೇಳಿದಳು: "ಬಡಗಿ ಆ ದಿನವೇ ಪರೀಕ್ಷೆಯಲ್ಲಿ ಗೆದ್ದಿದ್ದ. ಪಟ್ಟಿ ಕಟ್ಟಿಸಿಕೊಳ್ಳಲು ಮತ್ತೆ ಎಂಟು ವಾರ ಯಾಕೆ ತೆಗೆದುಕೊಂಡ, ಗುರುಗಳೇ?"

ಮೇಷ್ಟ್ರು ಹೇಳಿದರು: "ಮೊದಲ ವಾರದಿಂದಲೂ ದಳವನ್ನೂ ಅದರ ನಾಯಕನನ್ನೂ ಪರೀಕ್ಷೆ ಮಾಡುತ್ತಿದ್ದವನು ಬಡಗಿ."